ಮೊದಲ ದಿನದ ನವಿಲು ಪೇಟ

"ಮೋಸ! ಇದು ಶುದ್ಧ ಮೋಸ!"

ಬೃಂದಾ ಎಷ್ಟು ಜೋರಾಗಿ ಕೂಗಿದಳೆಂದರೆ, ಸ್ಟೀರಿಂಗ್ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದ ಸ್ಕೂಲ್ ವ್ಯಾನಿನ ಡ್ರೈವರ್ ಅಂಕಲ್ ಬೆಚ್ಚಿಬಿದ್ದು ಹಾರನ್ ಒತ್ತಿಬಿಟ್ಟರು. ಅದನ್ನು ಕೇಳಿ ಹಿಂದಿದ್ದ ಆಟೋದವರು ಒತ್ತಿದರು. ಆಟೋದ ಹಿಂದಿದ್ದ ನೀರಿನ ಟ್ಯಾಂಕರಿನವರೂ ಒತ್ತಿದರು. ಆದರೂ ರೈಲ್ವೆ ಗೇಟು ಮುಚ್ಚಿಯೇ ಇತ್ತು. ಬೆಂಗಳೂರಿನ ಕಗ್ಗದಾಸಪುರದ ಗೇಟು ಹಾರನ್ನಿಗೆಲ್ಲ ಹೆದರುವ ಗೇಟಲ್ಲ.

ಗೇಟು ಬಿದ್ದರೆ ಅಂಕಲ್ ತಮ್ಮ ಫೋನನ್ನು ಮಕ್ಕಳ ಕೈಗೆ ಕೊಡುವುದು ಆ ವ್ಯಾನಿನ ಪದ್ಧತಿ. ಮಕ್ಕಳು ಗಲಾಟೆ ಮಾಡುವುದಿಲ್ಲ, ಅವರಿಗೂ ಒಂದು ನಿದ್ದೆ ಆಗುತ್ತದೆ. ಆವತ್ತು ಫೋನಿನ ಸರದಿ ಬೃಂದಾಳದು. ಗಲಾಟೆಯೂ ಅವಳದೇ.

"ಏನಾಯ್ತೇ?" ಪಕ್ಕದಲ್ಲಿದ್ದ ಸಿದ್ರಾ ಕೇಳಿದಳು.

"ನವಿಲು ಪೇಟ ವಾಪಸ್ ತರ್ತಾರಂತೆ! ನವೆಂಬರ್ ಒಂದನೇ ತಾರೀಕು. ಎಲ್ರಿಗೂ ಫ್ರೀ ಅಂತೆ. ಎಲ್ರಿಗೂ!"

ಹಿಂದಿನ ಸೀಟಿನಿಂದ ಕಿರಣಕುಮಾರನ ತಲೆ ಇಣುಕಿತು. "ಎಲ್ಲಾರಿಗೂ ಅಂದ್ರ ನಂಗೂ ಸಿಗ್ತದಾ?"

ಅವನ ಮುಖದಲ್ಲಿ ಹಬ್ಬವೇ ಬಂದಿತ್ತು. ಬೃಂದಾ ಅದನ್ನು ಗಮನಿಸಲಿಲ್ಲ. ಅವಳ ತಲೆಯ ಮೇಲೆ ಆಗಷ್ಟೇ ಆಕಾಶ ಕಳಚಿ ಬಿದ್ದಿತ್ತು.

ವಿಷಯ ಇಷ್ಟು. 'ಟರ್ಬೋ ಟಾಂಗಾ' ಅಂತ ಒಂದು ಗೇಮ್. ಅದರಲ್ಲಿ ಕುದುರೆ ಗಾಡಿಗಳ ರೇಸ್. ಗಾಡಿ ಓಡಿಸುವವರಿಗೆ ಬೇಕಾದ ಹಾಗೆ ಅಂಗಿ, ಬೂಟು, ಟೋಪಿ ಹಾಕಬಹುದು. ಎರಡು ವರ್ಷದ ಹಿಂದೆ, ಶಾಲೆ ಶುರುವಾಗುವ ಮುಂಚಿನ ಶನಿವಾರ, ಗೇಮ್ ಶುರುವಾದ ಮೊದಲ ದಿನವೇ ಸೇರಿದವರಿಗೆ ಮಾತ್ರ ಕಂಪನಿಯವರು ಒಂದು ಪೇಟ ಕೊಟ್ಟಿದ್ದರು. ನೀಲಿ ಪೇಟ, ಅದರ ಮೇಲೊಂದು ನವಿಲುಗರಿ. ಆಮೇಲೆ ಯಾರು ಎಷ್ಟು ತಲೆಕೆಳಗಾಗಿ ನಿಂತರೂ ಅದು ಸಿಗಲಿಲ್ಲ. ಇಡೀ ಆರನೇ ಕ್ಲಾಸಿನಲ್ಲಿ ಅದು ಇದ್ದದ್ದು ಬೃಂದಾ ಒಬ್ಬಳಿಗೇ.

ಆ ಪೇಟ ಇದ್ದದ್ದು ಫೋನಿನೊಳಗೆ. ಆದರೆ ಬೃಂದಾ ನಡೆಯುವ ರೀತಿ ನೋಡಿದರೆ ಅದು ಅವಳ ತಲೆಯ ಮೇಲೇ ಇದೆ ಅನ್ನಿಸುತ್ತಿತ್ತು. ಕ್ಲಾಸಿಗೆ ಹೊಸಬರು ಯಾರಾದರೂ ಸೇರಿದರೆ ಸಾಕು, ಹೆಸರು ಕೇಳುವ ಮೊದಲೇ "ನಾನು ಫಸ್ಟ್ ಡೇ ಪ್ಲೇಯರ್, ಗೊತ್ತಾ?" ಅನ್ನುತ್ತಿದ್ದಳು. ಆ ದಿನ ತಾನು ಬೆಳಗಿನಿಂದ ಸಂಜೆಯವರೆಗೆ ಊಟ ನೀರು ಬಿಟ್ಟು ಆಡಿದ್ದು, ಬೆರಳು ಊದಿಕೊಂಡದ್ದು, ಕಡೆಯ ರೇಸಿನಲ್ಲಿ ಕೂದಲೆಳೆಯಲ್ಲಿ ಗೆದ್ದದ್ದು, ಎಲ್ಲವನ್ನೂ ಹೇಳುತ್ತಿದ್ದಳು. ಹೇಳಿ ಹೇಳಿ ಅದು ಅವಳಿಗೇ ನಿಜ ಅನ್ನಿಸಿಬಿಟ್ಟಿತ್ತು.

"ಕಷ್ಟಪಟ್ಟು ಗಳಿಸಿದ್ದು ಕಣೇ. ಈಗ ಬಂದವರಿಗೆಲ್ಲ ಕೊಟ್ರೆ ನಮಗೇನು ಬೆಲೆ?" ಎಂದಳು ಬೃಂದಾ.

"ಬೆಲೆ ಏನಿತ್ತು ಮೊದಲು?" ಎಂದಳು ಸಿದ್ರಾ. ಅವಳಿಗೆ ಗೇಮ್ ಎಂದರೆ ಅಷ್ಟಕ್ಕಷ್ಟೇ. "ಆ ಪೇಟ ಹಾಕಿದ್ರೆ ನಿನ್ ಕುದುರೆ ಜೋರಾಗಿ ಓಡುತ್ತಾ?"

"ಇಲ್ಲ."

"ಪಾಯಿಂಟ್ಸ್ ಜಾಸ್ತಿ ಬರುತ್ತಾ?"

"ಇಲ್ಲ. ಆದ್ರೆ ಅದು ಎಕ್ಸ್‌ಕ್ಲೂಸಿವ್!"

"ಅಂದ್ರೆ?"

"ಅಂದ್ರೆ ಬೇರೆ ಯಾರ ಹತ್ರಾನೂ ಇರಲ್ಲ."

"ಅಷ್ಟೇನಾ?" ಎಂದು ಸಿದ್ರಾ ಟಿಫನ್ ಡಬ್ಬಿಯಲ್ಲಿ ಉಳಿದಿದ್ದ ಸಮೋಸದ ಮೂಲೆಯನ್ನು ಬಾಯಿಗೆ ಹಾಕಿಕೊಂಡಳು.

ರೈಲು ಬಂತು, ಹೋಯಿತು. ಗೇಟು ತೆಗೆಯಿತು. ಬೃಂದಾಳ ಸಿಟ್ಟು ಮಾತ್ರ ಮನೆ ಮುಟ್ಟುವವರೆಗೂ ಇಳಿಯಲಿಲ್ಲ.

ರಾತ್ರಿ ಮಲಗುವ ಮೊದಲು ಅವಳು ಒಂದು ಸಂಘ ಕಟ್ಟಿದಳು. ಹೆಸರು 'ಮೊದಲ ದಿನದ ಆಟಗಾರರ ಸಂಘ'. ಅಧ್ಯಕ್ಷೆ ಬೃಂದಾ. ಕಾರ್ಯದರ್ಶಿಯೂ ಬೃಂದಾ. ಸದಸ್ಯರ ಆಯ್ಕೆಯೂ ಸುಲಭವಾಗಿ ಮುಗಿಯಿತು, ಏಕೆಂದರೆ ನಿಯಮದ ಪ್ರಕಾರ ಸದಸ್ಯರಾಗಲು ಅರ್ಹತೆ ಇದ್ದದ್ದೂ ಅವಳಿಗೇ. ಆಮೇಲೆ ಡ್ರಾಯಿಂಗ್ ಶೀಟಿನ ಹಿಂದೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಕಂಪನಿಗೆ ಒಂದು ಮನವಿ ಬರೆದಳು.

'ನವಿಲು ಪೇಟ ಮೊದಲ ದಿನ ಬಂದವರಿಗೇ ಸೇರಿದ್ದು. ಬಂದವರಿಗೆಲ್ಲ ಕೊಟ್ಟರೆ ನಮಗೇನು ಬೆಲೆ? ದಯವಿಟ್ಟು ವಾಪಸ್ ತರಬೇಡಿ. ಇಂತಿ, ನೊಂದ ಆಟಗಾರರು.'

'ನೊಂದ' ಎಂಬ ಪದದ ಕೆಳಗೆ ಎರಡು ಗೆರೆ ಎಳೆದಳು.

ಮರುದಿನ ಬೆಳಗ್ಗೆ ವ್ಯಾನಿನಲ್ಲಿ ಸಹಿ ಸಂಗ್ರಹ ಶುರುವಾಯಿತು. ಗೇಟು ಬಿದ್ದದ್ದು ಒಳ್ಳೆಯದೇ ಆಯಿತು. ಮೊದಲ ಸಹಿ ಡ್ರೈವರ್ ಅಂಕಲ್ ಹಾಕಿದರು.

"ಇಲ್ಲಿ ಮೇಲ್ಸೇತುವೆ ಬೇಕು ಅಂತ ತಾನೆ?" ಎಂದು ಕೇಳಿದರು.

"ಅಲ್ಲ ಅಂಕಲ್, ಇದು ಪೇಟದ್ದು."

"ಯಾವ್ದಾದ್ರೂ ಆಗ್ಲಿ ಬಿಡಮ್ಮ. ಈ ಗೇಟಲ್ಲಿ ಕೂತು ಕೂತು ನಾನೂ ನೊಂದಿದೀನಿ" ಎಂದು ಉದ್ದಕ್ಕೆ ಸಹಿ ಎಳೆದರು.

ಎಲ್‌ಕೆಜಿಯ ಪುಟಾಣಿಯೊಬ್ಬ ತನ್ನ ಹೆಸರು ಬರೆಯಲು ಬರುತ್ತದೆಂದು ತೋರಿಸುವುದಕ್ಕೇ ಸಹಿ ಹಾಕಿದ. ಮೂರನೇ ಕ್ಲಾಸಿನ ಇಬ್ಬರು ಒಂದೊಂದು ಚಾಕೊಲೇಟಿಗೆ ಒಪ್ಪಿದರು. ಸಿದ್ರಾ ಚಾಕೊಲೇಟು ತಿಂದು, ಸಹಿ ಹಾಕಲಿಲ್ಲ.

ಕಿರಣಕುಮಾರ ಮಾತ್ರ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಪೂರ್ತಿ ಓದಿದ. ಕಿರಣನ ಮನೆಯವರು ಕಲಬುರಗಿ ಕಡೆಯವರು. ಬೃಂದಾಳ ರಸ್ತೆಯಲ್ಲೇ, ಮೂಲೆ ಮನೆಯ ಮೇಲಿನ ಶೀಟಿನ ರೂಮಿನಲ್ಲಿ ಬಾಡಿಗೆಗಿದ್ದರು. ಅವನಪ್ಪ ಭಗವಂತರಾಯ ಕಟ್ಟಡಗಳಿಗೆ ಬಣ್ಣ ಹೊಡೆಯುತ್ತಿದ್ದರು. ಕಿರಣ ಅವರವ್ವನ ಫೋನಿನಲ್ಲಿ ಟರ್ಬೋ ಟಾಂಗಾ ಆಡುತ್ತಿದ್ದ. ನಿಜ ಹೇಳಬೇಕೆಂದರೆ ಬೃಂದಾಳಿಗಿಂತ ಚೆನ್ನಾಗಿ ಆಡುತ್ತಿದ್ದ. ಅವನ ಗಾಡಿಯವನ ತಲೆ ಮಾತ್ರ ಬೋಳು.

"ಇದಕ್ಕ ಸೈನ್ ಮಾಡಿದ್ರ ನಂಗ ಪೇಟ ಸಿಗಂಗಿಲ್ಲ. ಹೌದಿಲ್ಲೋ?" ಎಂದ ಕಿರಣ.

"ನಿಂಗೆ ಅಂತಲ್ಲ ಕಣೋ. ಯಾರಿಗೂ ಸಿಗಲ್ಲ."

"ಮತ್ತ ನಿಂಗ?"

"ನಂಗೆ ಆಗ್ಲೇ ಇದೆಯಲ್ಲ! ನಾನು ಮೊದಲ ದಿನಾನೇ ಇದ್ದೆ."

ಕಿರಣ ಕಿಟಕಿಯಾಚೆ ರೈಲು ಹಳಿಯ ಕಡೆ ನೋಡಿದ. "ಸಾಲಿ ಸುರು ಆಗೂ ಮುಂಚಿನ ಶನಿವಾರ ಅಂತಿಯಲ್ಲ, ಆವತ್ತು ನಾ ರೈಲಿನಾಗಿದ್ದೆ. ಆವತ್ತೇ ನಾವು ಇಲ್ಲಿಗಿ ಬಂದದ್ದು."

"ಹೂಂ ಹೂಂ. ಬೇಗ ಹಾಕೋ, ಗೇಟ್ ತೆಗೀತಿದಾರೆ."

"ನೀ ಹೇಳ್ತಿ ಅಂದ್ರ ಮಾಡ್ತೀನಿ ತಗೋ" ಎಂದು ಅವನು ಪೆನ್ನು ತೆಗೆದುಕೊಂಡ. ಅವರೂರ ಕಡೆ ದೊಡ್ಡವರು ಬರೆಯುವ ಹಾಗೆ 'ಕಿರಣಕುಮಾರ ತಂದೆ ಭಗವಂತರಾಯ' ಎಂದು ದುಂಡಗೆ ಬರೆದು, ಕೆಳಗೆ ಚುಕ್ಕಿ ಇಟ್ಟ. ಬೃಂದಾ ಹಾಳೆಯನ್ನು ಕಸಿದುಕೊಂಡು ಮುಂದಿನ ಸೀಟಿಗೆ ಹೋದಳು.

ಸಂಜೆ ಮನೆಗೆ ಬಂದವಳೇ ಮಧು ಚಿಕ್ಕಪ್ಪನ ಫೋನಿನಲ್ಲಿ ಹಾಳೆಯ ಫೋಟೋ ತೆಗೆದು ಕಂಪನಿಗೆ ಕಳಿಸಿದಳು. ಫೋನನ್ನು ಮೇಜಿನ ಮೇಲಿಡುವಷ್ಟರಲ್ಲಿ ಉತ್ತರ ಬಂತು.

'ಪ್ರಿಯ ಸವಾರರೇ! ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ. ಅದನ್ನು ಗಮನವಿಟ್ಟು ಓದಿದ್ದೇವೆ. ಮೊದಲ ದಿನದ ಆಟಗಾರರ ಗೌರವಕ್ಕಾಗಿ ಅವರ ಪೇಟದ ಗರಿ ಎಡಕ್ಕೆ ಇರುತ್ತದೆ. ಹೊಸಬರ ಗರಿ ಬಲಕ್ಕೆ ಇರುತ್ತದೆ. ಹೊಸದಾಗಿ ಬಂದಿದೆ, ಚಿನ್ನದ ಲಗಾಮು! ಎಕ್ಸ್‌ಕ್ಲೂಸಿವ್! ಇವತ್ತು ಮಾತ್ರ! ಈಗಲೇ ಕೊಳ್ಳಿ!'

"ಇಷ್ಟು ಬೇಗ ಹೆಂಗೆ ಓದಿದ್ರು?" ಎಂದಳು ಬೃಂದಾ.

"ಓದಿಲ್ಲ ಮಗಳೇ. ಇದು ಮಷೀನ್ ಕಳಿಸೋ ಉತ್ತರ. ನಿನ್ ಥರ ನೊಂದವರು ತುಂಬ ಜನ ಇದಾರೆ ಅನ್ಸುತ್ತೆ" ಎಂದರು ಚಿಕ್ಕಪ್ಪ.

ಬೃಂದಾ ಮುಖ ಊದಿಸಿಕೊಂಡು ಕೂತಳು. ಎಡಗಡೆ ಗರಿಯಂತೆ! ಅಷ್ಟು ಸಣ್ಣ ಗರಿ ಎಡಕ್ಕಿದೆಯೋ ಬಲಕ್ಕಿದೆಯೋ ಯಾರು ನೋಡುತ್ತಾರೆ? ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ. ನವೆಂಬರ್ ಒಂದರಂದು ಕ್ಲಾಸಿನ ಎಲ್ಲರಿಗೂ ಎಡ ಬಲದ ವ್ಯತ್ಯಾಸ ತಿಳಿಸಿ ಹೇಳಬೇಕೆಂದು ಅವಳು ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು.

ಹಾಗೆ ನೋಡಿದರೆ ನವೆಂಬರ್ ಒಂದರ ಚಿಂತೆ ಆ ಮನೆಯಲ್ಲಿ ಅವಳೊಬ್ಬಳಿಗೇ ಇರಲಿಲ್ಲ.

ರಾಜ್ಯೋತ್ಸವ ಹತ್ತಿರ ಬಂತೆಂದರೆ ತಾತ ಸಂಜೀವಪ್ಪನವರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ವಿಮಾನ ಕಾರ್ಖಾನೆಯಿಂದ ರಿಟೈರ್ ಆದ ತಾತ, 'ನಾಲ್ಕನೇ ಅಡ್ಡರಸ್ತೆ ಕನ್ನಡ ಯುವಕರ ಸಂಘ'ದ ಸಂಸ್ಥಾಪಕರಲ್ಲಿ ಒಬ್ಬರು. ಆ ಸಂಘದ ಯುವಕರಲ್ಲಿ ಎಲ್ಲರಿಗಿಂತ ಚಿಕ್ಕವರಿಗೆ ಹೋದ ತಿಂಗಳು ಮೊಣಕಾಲಿನ ಆಪರೇಷನ್ ಆಗಿತ್ತು. ಪ್ರತಿ ವರ್ಷ ಬಾವುಟ ಹಾರಿಸಿದ ಮೇಲೆ ಸ್ಟೇಜಿನಲ್ಲಿ ಸಂಸ್ಥಾಪಕರಿಗೆ ಸನ್ಮಾನ ಇರುತ್ತಿತ್ತು. ಸನ್ಮಾನ ಮಾಡುವವರೂ ಸಂಸ್ಥಾಪಕರೇ. ಇವರು ಅವರಿಗೆ ಶಾಲು ಹೊದಿಸುತ್ತಿದ್ದರು, ಅವರು ಇವರಿಗೆ ಹೊದಿಸುತ್ತಿದ್ದರು. ಉಳಿದವರು ಕೆಳಗೆ ನಿಂತು ಚಪ್ಪಾಳೆ ತಟ್ಟಿ, ಕೇಸರಿಬಾತಿಗೆ ಕಾಯುತ್ತಿದ್ದರು.

ಎಲ್ಲಕ್ಕಿಂತ ಮುಖ್ಯವಾದದ್ದು ರಸ್ತೆಯ ಬಾಯಲ್ಲಿ ಕಟ್ಟುವ ಬ್ಯಾನರು. ಅದರಲ್ಲಿ ಸಂಸ್ಥಾಪಕರ ಫೋಟೋ ಮಾತ್ರ ಇರಬೇಕೆಂಬುದು ಸಂಘದ ನಿಯಮ. ಶಿವಾಜಿನಗರದ ಪ್ರಿಂಟಿಂಗ್ ಅಂಗಡಿಯಲ್ಲಿ ಕೆಲಸ ಮಾಡುವ ಮಧು ಚಿಕ್ಕಪ್ಪನೇ ಅದನ್ನು ಕಂಪ್ಯೂಟರಿನಲ್ಲಿ ಡಿಸೈನ್ ಮಾಡುತ್ತಿದ್ದರು. ತಾತನ ತಲೆಯ ಹಿಂದೆ ಸೂರ್ಯನ ಕಿರಣಗಳು ಇರಲೇಬೇಕು. ಒಂದು ವರ್ಷವಂತೂ ತಾಯಿ ಭುವನೇಶ್ವರಿಯ ಚಿತ್ರಕ್ಕಿಂತ ತಾತನ ಮುಖವೇ ದೊಡ್ಡದಾಗಿ, ಅಜ್ಜಿ ಗೋವಿಂದಮ್ಮ "ದೇವರಿಗಾದ್ರೂ ಸ್ವಲ್ಪ ಜಾಗ ಬಿಡ್ರೀ" ಎಂದು ಬೈದಿದ್ದರು.

ಆ ಭಾನುವಾರ ತಾತ ಜಗಲಿಯ ಮೇಲೆ ಕೂತು ಚಿಕ್ಕಪ್ಪನ ಲ್ಯಾಪ್‌ಟಾಪಿನಲ್ಲಿ ತಮ್ಮ ಮುಖವನ್ನು ಇನ್ನಷ್ಟು ಬೆಳ್ಳಗೆ ಮಾಡಿಸುತ್ತಿದ್ದಾಗ ಭಗವಂತರಾಯ ಬಂದರು. ಕೆಲಸದಿಂದ ನೇರ ಬಂದಿದ್ದರು, ಕೂದಲ ತುದಿಯಲ್ಲಿ ಸುಣ್ಣದ ಚುಕ್ಕೆಗಳಿದ್ದವು. ಚಪ್ಪಲಿ ಮೆಟ್ಟಿಲ ಕೆಳಗೇ ಬಿಟ್ಟರು.

"ನಮಸ್ಕಾರ್ರಿ ಯಜಮಾನ್ರ."

"ಬಾಪ್ಪಾ ಭಗವಂತರಾಯ. ಕೂತ್ಕೋ. ಈ ಸಲಾನೂ ತೋರಣ ನೀನೇ ಕಟ್ಬೇಕು. ನಮ್ಮೋರಿಗೆ ಯಾರಿಗೂ ಏಣಿ ಹತ್ತೋಕಾಗಲ್ಲ."

"ಕಟ್ತೀನ್ರಿ. ಅದಕ್ಕೇನದ." ಭಗವಂತರಾಯ ಕೂರಲಿಲ್ಲ. ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಪಾಸ್‌ಪೋರ್ಟ್ ಫೋಟೋ ತೆಗೆದರು. "ಬ್ಯಾನರ್‌ನಾಗ ನಂದೂ ಒಂದು ಫೋಟೋ ಹಾಕ್ಸಿದ್ರ ಛಲೋ ಆಗ್ತಿತ್ರಿ. ಮೂಲ್ಯಾಗ ಸಣ್ಣದು ಆದ್ರೂ ನಡೀತದ. ಊರಾಗ ನಮ್ಮವ್ವ ಇದ್ದಾಳ್ರಿ. ಬೆಂಗಳೂರಾಗ ಮಗನ ಫೋಟೋ ಹಾಕ್ಯಾರ ಅಂತ ಓಣಿಗೆಲ್ಲ ತೋರಿಸ್ತಾಳ."

ತಾತ ಕೆಮ್ಮಿದರು. "ನೋಡಪ್ಪ, ನೀನು ಒಳ್ಳೆಯವನು. ಇಲ್ಲ ಅಂದೋರು ಯಾರು? ಆದ್ರೆ ಇದು ಸಂಸ್ಥಾಪಕರ ಬ್ಯಾನರು. ಮೊದಲಿಂದ ಹಂಗೇ ನಡ್ಕೊಂಡು ಬಂದಿದೆ. ನಾನೊಬ್ಬ ಏನ್ ಮಾಡಕ್ಕಾಗುತ್ತೆ?"

"ಹೌದ್ರಿ, ಹೌದ್ರಿ." ಭಗವಂತರಾಯ ಫೋಟೋವನ್ನು ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು. "ತೋರಣ ಕಟ್ಟಾಕ ಎಷ್ಟೊತ್ತಿಗಿ ಬರ್ಲಿರಿ?"

"ಬೆಳಗ್ಗೆ ಬೇಗ ಬಂದ್ಬಿಡು."

ಅವರು ಮೆಟ್ಟಿಲಿಳಿದು ಹೋದರು. ಬಾಗಿಲಲ್ಲಿ ಹಾಲಿನ ಲೋಟ ಹಿಡಿದು ನಿಂತಿದ್ದ ಬೃಂದಾ ಅವರು ಹೋದ ಕಡೆಯೇ ನೋಡಿದಳು.

ತಾತ ಲ್ಯಾಪ್‌ಟಾಪಿನ ಕಡೆ ತಿರುಗಿ, "ಒಳ್ಳೇ ಕತೆ! ನಿನ್ನೆ ಮೊನ್ನೆ ಬಂದವರಿಗೆಲ್ಲ ಕೊಟ್ರೆ ನಮಗೇನು ಬೆಲೆ?" ಎಂದರು.

ಬೃಂದಾ ಬೆಚ್ಚಿದಳು. ಇದು ಅವಳ ಮಾತು! ಕೆಂಪು ಸ್ಕೆಚ್ ಪೆನ್ನಿನಲ್ಲಿ ಅವಳೇ ಬರೆದ ಮಾತು. ತಾತ ಅದನ್ನು ಯಾವಾಗ ಕದ್ದರು? ಆಮೇಲೆ, ಪ್ರತಿ ವರ್ಷ ಅಕ್ಟೋಬರಿನಲ್ಲಿ ತಾತ ಇದನ್ನೇ ಹೇಳುತ್ತಿದ್ದದ್ದು ನೆನಪಾಗಿ, ಕದ್ದದ್ದು ಯಾರೆಂದು ಅವಳಿಗೆ ಅನುಮಾನ ಬಂತು.

ಒಳಗೆ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ ಮೊರ ಎತ್ತಿಕೊಂಡೇ ಹೊರಗೆ ಬಂದರು.

"ಏನ್ರೀ ಅದು ನಿಮ್ ಬೆಲೆ? ಬೃಂದಾ, ನಿಮ್ ತಾತ ಸಂಸ್ಥಾಪಕರಾದ ಕತೆ ಕೇಳಿದೀಯಾ?"

"ಈಗ್ಯಾಕೆ ಅದೆಲ್ಲ?" ಎಂದರು ತಾತ.

"ಯಾಕೆ ಹೇಳ್ಬಾರ್ದು? ಆವತ್ತು ಬೀದಿ ಹುಡುಗ್ರೆಲ್ಲ ಸಂಘ ಕಟ್ತೀವಿ ಅಂತ ಇದೇ ಜಗಲಿ ಮೇಲೆ ಬಂದು ಕೂತ್ರು. ಯಾಕೆ? ಇಲ್ಲಿ ನೆರಳಿತ್ತು, ಅದಕ್ಕೆ. ಇವ್ರು ಅಲ್ಲಿ ಕನ್ನಡಿ ಇಟ್ಕೊಂಡು ಶೇವ್ ಮಾಡ್ಕೋತಿದ್ರು. ರಿಜಿಸ್ಟ್ರೇಷನ್ನಿಗೆ ಒಂದು ಸೈನ್ ಕಮ್ಮಿ ಬಿತ್ತು. 'ಅಣ್ಣಾ, ನೀವೂ ಒಂದು ಹಾಕ್ಬಿಡಿ' ಅಂದ್ರು. ಅರ್ಧ ಗಡ್ಡ, ಅರ್ಧ ಸೋಪಿನ ನೊರೆ, ಹಂಗೇ ಸೈನ್ ಹಾಕಿದ್ರು. ಆಮೇಲೆ ಒಳಗೆ ಬಂದು, 'ಗೋವಿಂದಾ, ಏನಕ್ಕೋ ಸೈನ್ ಹಾಕಿಸ್ಕೊಂಡ್ರು ಕಣೆ, ಏನಕ್ಕೆ ಅಂತ ಕೇಳ್ಲಿಲ್ಲ' ಅಂದ್ರು!"

ಚಿಕ್ಕಪ್ಪ ಬಿದ್ದು ಬಿದ್ದು ನಕ್ಕರು. ಬೃಂದಾಳಿಗೂ ನಗು ತಡೆಯಲಾಗಲಿಲ್ಲ. ಸೂರ್ಯನ ಕಿರಣಗಳ ಮಧ್ಯೆ ಅರ್ಧ ಗಡ್ಡದ ತಾತನನ್ನು ನೆನೆಸಿಕೊಂಡು ಹೊಟ್ಟೆ ಹಿಡಿದುಕೊಂಡಳು.

"ಜಗಲಿ ನಂದೇ ತಾನೆ? ಜಗಲಿ ಇಲ್ದಿದ್ರೆ ಸಂಘಾನೇ ಇರ್ತಿರ್ಲಿಲ್ಲ" ಎಂದರು ತಾತ.

"ಜಗಲಿ ಕಟ್ಸಿದ್ದು ನಮ್ಮಪ್ಪ" ಎಂದರು ಅಜ್ಜಿ.

"ಪಾಪ ತಾತ, ಸುಮ್ನೆ ಅಲ್ಲಿದ್ರು ಅಷ್ಟೇ! ಬೇರೇನೂ ಮಾಡೇ ಇಲ್ಲ!" ಎಂದು ಬೃಂದಾ ಮತ್ತೆ ನಕ್ಕಳು.

ಚಿಕ್ಕಪ್ಪ ಕಣ್ಣೊರೆಸಿಕೊಂಡು ಅವಳ ಕಡೆ ತಿರುಗಿದರು. "ನೀನು ಜಾಸ್ತಿ ನಗ್ಬೇಡ. ನಿನ್ ಪೇಟ ಹೆಂಗೆ ಬಂತು, ಹೇಳ್ಲಾ?"

"ನಾನು ಇಡೀ ದಿನ ಆಡಿ ಗೆದ್ದಿದ್ದು!"

"ಇಡೀ ದಿನ ಅತ್ತಿದ್ದು! ಮಂಗನಬಾವು ಬಂದು ಎರಡೂ ಕೆನ್ನೆ ಬನ್ನಿನ ಥರ ಊದ್ಕೊಂಡಿತ್ತು. ನಿನ್ ಅಳು ತಡ್ಯಕ್ಕಾಗ್ದೆ ನಾನೇ ಗೇಮ್ ಡೌನ್‌ಲೋಡ್ ಮಾಡಿ ಕೈಗೆ ಕೊಟ್ಟೆ. ಸ್ಕ್ರೀನ್ ಮೇಲೆ ಒಂದು ಪೆಟ್ಟಿಗೆ ಬಂತು. ನೀನು ಒತ್ತಿದೆ. ಪೇಟ ಬಂತು. ಒಂದು ರೇಸೂ ಆಡದೆ ನಿದ್ದೆ ಹೋದೆ."

"ಸುಳ್ಳು!" ಎಂದಳು ಬೃಂದಾ. ಆದರೆ ಹೇಳುತ್ತಿದ್ದ ಹಾಗೇ ಅವಳಿಗೆ ನೆನಪಾಯಿತು. ಕೆನ್ನೆಗೆ ಹಚ್ಚಿದ್ದ ಲೇಪದ ವಾಸನೆ ನೆನಪಾಯಿತು. ಊದಿಕೊಂಡದ್ದು ಬೆರಳಲ್ಲ.

ಈಗ ನಗುವ ಸರದಿ ತಾತನದು. ಆದರೆ ತಾತ ನಗಲಿಲ್ಲ. ತಾತ ಮೊಮ್ಮಗಳನ್ನು ನೋಡಿದರು, ಮೊಮ್ಮಗಳು ತಾತನನ್ನು ನೋಡಿದಳು. ಇಬ್ಬರೂ ಒಟ್ಟಿಗೆ ಬೇರೆ ಕಡೆ ಮುಖ ತಿರುಗಿಸಿದರು.

ಬೃಂದಾ ಮಹಡಿಗೆ ಹೋಗಿ ನೀರಿನ ಟ್ಯಾಂಕಿನ ನೆರಳಲ್ಲಿ ಕೂತಳು. ಮೂಲೆ ಮನೆಯ ಮೇಲಿನ ಶೀಟಿನ ರೂಮು ಅಲ್ಲಿಂದ ಕಾಣುತ್ತಿತ್ತು. ಕಿರಣನ ಅವ್ವ ಅಮೃತಮ್ಮ ಬಟ್ಟೆ ಒಣಹಾಕುತ್ತಿದ್ದರು. ಭಗವಂತರಾಯ ಮೆಟ್ಟಿಲು ಹತ್ತಿ ಬಂದು ಏನೋ ಹೇಳಿದರು. ಅಮೃತಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಜೋರಾಗಿ ಕೊಡವಿದರು.

ಆವತ್ತು ನಾ ರೈಲಿನಾಗಿದ್ದೆ. ಗೇಟಿನ ಹತ್ತಿರ ಕಿರಣ ಹೇಳಿದ್ದು ಈಗ ಅವಳ ಕಿವಿಗೆ ಬಿತ್ತು. ಅವಳು ಹಾಸಿಗೆಯ ಮೇಲೆ ಬಿದ್ದುಕೊಂಡು ಪೆಟ್ಟಿಗೆ ಒತ್ತಿದ ಆ ಹೊತ್ತಿನಲ್ಲಿ ಅವನು ಊರು ಬಿಟ್ಟು ಇಲ್ಲಿಗೆ ಬರುತ್ತಿದ್ದ. ಅಂಥವನ ಕೈಯಲ್ಲೇ, ಅವನಿಗೇ ಪೇಟ ಕೊಡಬೇಡಿ ಅಂತ ಸಹಿ ಹಾಕಿಸಿದ್ದಳು. ಅವನು ಪೂರ್ತಿ ಓದಿ, ಅರ್ಥ ಮಾಡಿಕೊಂಡು ಹಾಕಿದ್ದ. ಬೃಂದಾಳಿಗೆ ತುಂಬ ನಾಚಿಕೆಯಾಯಿತು. ಯಾರೂ ಬೈಯದಿದ್ದರೂ ಅಳು ಬಂತು.

ಕಣ್ಣೊರೆಸಿಕೊಂಡು ಕೆಳಗೆ ಬಂದಾಗ ತಾತ ಇನ್ನೂ ಜಗಲಿಯ ಮೇಲೇ ಇದ್ದರು. ಲ್ಯಾಪ್‌ಟಾಪಿನಲ್ಲಿ ಅವರ ಮುಖ ಬೆಳ್ಳಗೆ ಹೊಳೆಯುತ್ತಿತ್ತು.

"ತಾತ, ಕಿರಣನ ಅಪ್ಪನ ಫೋಟೋನೂ ಹಾಕೋಣ."

"ಒಬ್ಬನದು ಹಾಕಿದ್ರೆ ಬೀದಿಯವರೆಲ್ಲ ಕೇಳ್ತಾರೆ."

"ಎಲ್ರುದೂ ಹಾಕೋಣ."

ತಾತ ಕನ್ನಡಕದ ಮೇಲಿಂದ ನೋಡಿದರು. "ಓಹೋ. ನನ್ ಬ್ಯಾನರ್ ಹಂಚೋಕೆ ನೀನು ಬಂದ್ಯಾ? ಹಂಗಾದ್ರೆ ನಿನ್ ಪೇಟದ ಕತೆ ಏನು? ಅದನ್ನ ಎಲ್ರಿಗೂ ಕೊಟ್ರೆ ನಿಂಗೆ ಓಕೆನಾ?"

ಬೃಂದಾಳಿಗೆ 'ಅದು ಬೇರೆ, ಇದು ಬೇರೆ' ಎನ್ನಬೇಕು ಅನ್ನಿಸಿತು. ಕ್ಲಾಸಿನಲ್ಲಿ ಎಲ್ಲರ ತಲೆಯ ಮೇಲೂ ನವಿಲುಗರಿ ಇರುವುದನ್ನು ನೆನೆಸಿಕೊಂಡಳು.

"ಕೊಡ್ಲಿ" ಎಂದಳು ಕೊನೆಗೆ, ಹಲ್ಲು ಕೀಳಿಸಿಕೊಳ್ಳುವವಳ ಹಾಗೆ ಕಣ್ಣು ಮುಚ್ಚಿಕೊಂಡು.

ತಾತ ತಣ್ಣಗಾದ ಕಾಫಿಯನ್ನೇ ಕುಡಿದರು.

"ಅವನ ತಾಯಿ ಊರಲ್ಲಿದಾರಂತೆ, ಅಲ್ವಾ?" ಎಂದರು.

"ಹೂಂ."

"ಮಧೂ! ಎಲ್ರುದೂ ಹಿಡಿಯುತ್ತೇನೋ ಇದ್ರಲ್ಲಿ?"

"ಹಿಡಿಯುತ್ತಪ್ಪ. ಆದ್ರೆ ಮುಖಗಳು ಸಣ್ಣ ಆಗ್ತವೆ. ಸೂರ್ಯನ ಕಿರಣ ತೆಗೀಬೇಕಾಗುತ್ತೆ" ಎಂದರು ಚಿಕ್ಕಪ್ಪ ಒಳಗಿನಿಂದ.

ತಾತ ಕಿರಣಗಳನ್ನು ಕೊನೆಯ ಸಲ ನೋಡಿಕೊಂಡರು. "ತೆಗಿ" ಎಂದರು. ಅವರ ಧ್ವನಿಯಲ್ಲೂ ಹಲ್ಲು ಕಿತ್ತ ನೋವಿತ್ತು.

ಉಳಿದ ಸಂಸ್ಥಾಪಕರು ಸುಮ್ಮನೆ ಒಪ್ಪಲಿಲ್ಲ. ಒಬ್ಬರು ರಾಜೀನಾಮೆ ಕೊಡುತ್ತೇನೆಂದರು. ಇನ್ನೊಬ್ಬರು ತಮ್ಮ ಫೋಟೋ ಬೇಡವೇ ಬೇಡ ಎಂದು ಹೇಳಿ, ಸಂಜೆ ಚಿಕ್ಕಪ್ಪನಿಗೆ ಗುಟ್ಟಾಗಿ ಹೊಸ ಫೋಟೋ ಕಳಿಸಿದರು. ಅಂತೂ ಬ್ಯಾನರು ತಯಾರಾಯಿತು.

ನವೆಂಬರ್ ಒಂದರ ಬೆಳಗ್ಗೆ ಭಗವಂತರಾಯ ಏಣಿ ಹತ್ತಿ ಕೆಂಪು ಹಳದಿ ತೋರಣ ಕಟ್ಟಿದರು. ಬ್ಯಾನರನ್ನೂ ಅವರೇ ಬಿಚ್ಚಿ ಕಟ್ಟಿದರು. ಕಟ್ಟಿ ಕೆಳಗಿಳಿದು ತಲೆಯೆತ್ತಿ ನೋಡಿದವರು ಏಣಿ ಹಿಡಿದುಕೊಂಡೇ ನಿಂತುಬಿಟ್ಟರು.

"ಕೆಳಗಿಂದ ಎರಡನೇ ಸಾಲು, ಇಸ್ತ್ರಿ ಅಂಗಡಿಯವರ ಪಕ್ಕ" ಎಂದರು ತಾತ, ಏನೂ ಆಗದವರ ಹಾಗೆ. ಎರಡು ದಿನ ಮೊದಲು ಅಮೃತಮ್ಮನ ಹತ್ತಿರ ಆ ಫೋಟೋವನ್ನು ಗುಟ್ಟಾಗಿ ಕೇಳಿ ತಂದವರೇ ಅವರು.

ಭಗವಂತರಾಯ ಫೋನ್ ತೆಗೆದು ಬ್ಯಾನರಿನ ಫೋಟೋ ಹಿಡಿದರು. ಮೊದಲನೆಯದು ಮಸುಕಾಯಿತು, ಮತ್ತೆ ಹಿಡಿದರು.

ಇಷ್ಟು ವರ್ಷ ಆ ರಸ್ತೆಯ ಬಾಯಲ್ಲಿ ಬ್ಯಾನರು ಇತ್ತು, ಆದರೆ ಯಾರೂ ನಿಂತು ನೋಡಿರಲಿಲ್ಲ. ಈಗ ಜನ ಜಾತ್ರೆಯಂತೆ ಸೇರಿದ್ದರು. ಹೂವಿನವರು, ಹಾಲಿನವರು, ಸಿದ್ರಾಳ ಮನೆಯವರು, ಎಲ್ಲರೂ ಕತ್ತು ಚಾಚಿ ತಮ್ಮ ತಮ್ಮ ಸಾಸಿವೆ ಕಾಳಿನಂಥ ಮುಖಗಳನ್ನು ಹುಡುಕುತ್ತಿದ್ದರು. "ಇಲ್ಲಿದೀನಿ ನೋಡು!" "ಅಯ್ಯೋ, ನನ್ ಮೂಗು ಹಿಂಗಿದ್ಯಾ?" ಎಂದು ಒಂದೇ ಗದ್ದಲ. ತಾತ ಬಂದವರಿಗೆಲ್ಲ ಮೇಲಿನ ಸಾಲಿನ ಮೊದಲ ಮುಖವನ್ನು ಕೋಲಿನಲ್ಲಿ ತೋರಿಸುತ್ತಿದ್ದರು. ಸರಿಯಾಗಿ ನೋಡಿದರೆ ಅದೊಂದು ಮುಖ ಉಳಿದವುಗಳಿಗಿಂತ ದೊಡ್ಡದಾಗಿ, ಹೆಸರುಕಾಳಿನಷ್ಟಿತ್ತು. ಅದಕ್ಕಾಗಿ ಚಿಕ್ಕಪ್ಪನಿಗೆ ಮಸಾಲೆದೋಸೆ ಕೊಡಿಸಿದ್ದರೆಂದು ಅಜ್ಜಿ ಆಮೇಲೆ ಹೇಳಿದರು.

"ಬೃಂದಾ! ಏ ಬೃಂದಾ! ಬಂತು!"

ಕಿರಣಕುಮಾರ ಅವ್ವನ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು ಓಡಿಬಂದ. ಅವನ ಗಾಡಿಯವನ ಬೋಳು ತಲೆಯ ಮೇಲೆ ನೀಲಿ ಪೇಟ ಕೂತಿತ್ತು.

ಇಬ್ಬರೂ ಜಗಲಿಯ ಮೇಲೆ ಕೂತರು. ಬೃಂದಾ ಚಿಕ್ಕಪ್ಪನ ಫೋನಿನಲ್ಲಿ ಗೇಮ್ ತೆರೆದಳು. ಎರಡು ಗಾಡಿಗಳು ಅಕ್ಕಪಕ್ಕ ಬಂದು ನಿಂತವು. ಅವಳ ಪೇಟದ ಗರಿ ಎಡಕ್ಕೆ, ಅವನದು ಬಲಕ್ಕೆ. ಎಡ ಬಲದ ವ್ಯತ್ಯಾಸ ತಿಳಿಸಿ ಹೇಳಬೇಕೆಂದಿದ್ದವಳು ಬಾಯಿ ಬಿಗಿದುಕೊಂಡಳು. ಹೇಳಬಾರದು, ಯಾವತ್ತೂ ಹೇಳಬಾರದು ಎಂದುಕೊಂಡಳು.

"ಎರಡೂ ಒಂದೇ ಥರ ಇದಾವೆ, ಅಲ್ವಾ?" ಎಂದಳು.

ಕಿರಣ ಎರಡೂ ಫೋನುಗಳನ್ನು ಹತ್ತಿರ ಹಿಡಿದು ನೋಡಿದ. "ಇಲ್ಲ ಇಲ್ಲ. ನಿಂದು ಗರಿ ಎಡಕ್ಕದ ನೋಡು. ನಂದು ಬಲಕ್ಕದ."

ಬೃಂದಾ ತಡವರಿಸಿದಳು. "ಅದು... ಕಂಪನಿಯವ್ರು..."

"ಛಲೋ ಆತು ಬಿಡು. ಎರಡೂ ಒಂದೇ ಇದ್ದಿದ್ರ ನೀ ಮೊದಲ ದಿನದಾಕಿ ಅಂತ ಮಂದಿಗಿ ಹ್ಯಾಂಗ ಗೊತ್ತಾಗಬೇಕು?"

ಅವನ ಮುಖದಲ್ಲಿ ಹೊಟ್ಟೆಕಿಚ್ಚು ಇರಬಹುದೇನೋ ಎಂದು ಅವಳು ಹುಡುಕಿದಳು. ಒಂದು ಚೂರೂ ಇರಲಿಲ್ಲ. ಲೌಡ್‌ಸ್ಪೀಕರಿನಲ್ಲಿ ಯಾರೋ 'ಹಲೋ, ಮೈಕ್ ಟೆಸ್ಟಿಂಗ್' ಎನ್ನುತ್ತಿದ್ದರು. ಪರದೆಯ ಮೇಲೆ ರೇಸಿಗೆ ಮೂರು, ಎರಡು, ಒಂದು ಎಂದು ಎಣಿಕೆ ಶುರುವಾಯಿತು.

"ಕಿರಣ, ಆವತ್ತು ರೈಲಲ್ಲಿ ನಿಂಗೆ ಸೀಟ್ ಸಿಕ್ಕಿತ್ತಾ?" ಎಂದಳು ಬೃಂದಾ.

"ಯಾವತ್ತು?"

"ಮೊದಲ ದಿನ. ನೀನು ಬಂದ ದಿನ."

ಕಿರಣ ತಲೆಯೆತ್ತಿ ಅವಳನ್ನು ನೋಡಿದ. "ಎಲ್ಲಿ ಸೀಟು! ಬಾಗಿಲ ಬಾಜೂಕ ಅಪ್ಪನ ಬಣ್ಣದ ಡಬ್ಬಿ ಮ್ಯಾಲ ಕುಂತಿದ್ದೆ. ಆದ್ರ ಬಾಣಸವಾಡಿ ದಾಟಿದ ಮ್ಯಾಲ ಏನಾತು ಗೊತ್ತೇನು? ಒಂದು ಹೆಲಿಕಾಪ್ಟರ್ ಬಂತು! ಇಷ್ಟು ಕೆಳಗ! ನಮ್ಮ ಬೋಗಿನಾಗ ಎಲ್ಲಾರಿಗಿಂತ ಮೊದಲ ನೋಡಿದಾವ ನಾನೇ. ಬ್ಯಾರೆ ಯಾರಿಗೂ ಕಾಣಲಿಲ್ಲ!"

ವಿಮಾನ ಕಾರ್ಖಾನೆ ಹತ್ತಿರವಿರುವ ಆ ರಸ್ತೆಯ ಮೇಲೆ ದಿನಾ ಹೆಲಿಕಾಪ್ಟರ್ ಹಾರುತ್ತದೆ. ಬೃಂದಾ ತಲೆಯೆತ್ತಿ ನೋಡಿ ಎಷ್ಟೋ ವರ್ಷಗಳಾಗಿದ್ದವು.

"ಹೌದಾ? ಹೆಂಗಿತ್ತು? ಹೇಳೋ" ಎಂದು ಅವಳು ಕಾಲು ಮಡಚಿಕೊಂಡು ಅವನ ಕಡೆ ತಿರುಗಿ ಕೂತಳು.

ಕಿರಣ ಎರಡೂ ಕೈ ಚಾಚಿ ಹೇಳತೊಡಗಿದ. ಜಗಲಿಯ ಮೇಲಿದ್ದ ಫೋನುಗಳಲ್ಲಿ ರೇಸ್ ಶುರುವಾಗಿ ಬೇರೆ ಗಾಡಿಗಳೆಲ್ಲ ಧೂಳೆಬ್ಬಿಸಿಕೊಂಡು ಓಡಿಹೋದವು. ಅವರಿಬ್ಬರ ಪೇಟದ ಗಾಡಿಗಳು ಮಾತ್ರ ಹೊರಟ ಗೆರೆಯಲ್ಲೇ ಅಕ್ಕಪಕ್ಕ ನಿಂತಿದ್ದವು.